ಅತ್ತೆಯ ಉಸಿರಿಗೊಂದು ಹದ್ದುಬಸ್ತು

ನಮ್ಮ ಅತ್ತೆ ಬಸ್ಸಮ್ಮನವರನ್ನು ನಾನು ಮೊದಲು ಕಂಡದ್ದು ಸುರಪುರದ ರಂಗಂಪೇಟೆಯ ಅವರ ಮನೆಯ ಪಡಸಾಲೆಯಲ್ಲಿ, ಕನ್ಯೆ ನೋಡಲು ಹೋದ ದಿನ. ನಮ್ಮೂರು ಸಗರದಿಂದ ಶಹಾಪುರಕ್ಕೆ ಒಂದು ಬಸ್ಸು, ಶಹಾಪುರದಿಂದ ಸುರಪುರಕ್ಕೆ ಇನ್ನೊಂದು. ಕಿಟಕಿಯ ಪಕ್ಕ ಕೂತರೆ ಅಂಗಿಯ ಇಸ್ತ್ರಿ ಕೆಡುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ದಾರಿಯುದ್ದಕ್ಕೂ ಕಿಟಕಿಯನ್ನೇ ಹಿಡಿದು ಕೂತಿದ್ದೆ. ಇಸ್ತ್ರಿ ಉಳಿಯಿತು. ಕಣ್ಣು ಮಾತ್ರ ಧೂಳು ಬಡಿದು ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದವು.

ಪಡಸಾಲೆಯಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನನ್ನಪ್ಪ, ಸೋದರಮಾವ ಕಂಬಳಿಯ ಮೇಲೆ ಕೂತರು. ಎದುರಿನ ಕಂಬಕ್ಕೊರಗಿ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರೇ ಕನ್ಯೆಯ ತಾಯಿ. ನಾನು ಮನಸ್ಸಿನಲ್ಲಿ ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ: ಬಿ.ಎಸ್ಸಿ. ಪಾಸಾಗಿದ್ದೇನೆ, ನಮ್ಮ ವಂಶದಲ್ಲಿ ಪದವಿಯ ಮುಖ ನೋಡಿದವನು ನಾನೊಬ್ಬನೇ, ಭೂಮಾಪಕನ ಕೆಲಸ, ಚಟಗಳಿಲ್ಲ. ಅವರು ಏನೂ ಕೇಳಲಿಲ್ಲ. ಎಲೆಯನ್ನು ದವಡೆಗಿಟ್ಟುಕೊಂಡು ಎದ್ದು ಬಂದರು. ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ತುಟಿ ಸ್ವಲ್ಪ ಹೊತ್ತು ಅಲುಗಿದವು. ಆಮೇಲೆ ನನ್ನ ಎರಡೂ ಕಣ್ಣಿಗೆ ಸೇರಿಸಿ ಊದಿದರು, ಉಫ್ ಅಂತ.

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕೆಗಳು ಮೂಡಿದವು.

"ನೆದರಾಗಿತ್ತು, ಹೋತು," ಅಂದರು, ಯಾರದೋ ದೃಷ್ಟಿ ತಾಗಿತ್ತೆಂಬ ಅರ್ಥದಲ್ಲಿ. "ಈಗ ಹುಡುಗೀನ್ನ ಕರೀರಿ."

ಹುಡುಗಿ ಬಂದಳು. ಅವಳು ಅಂಜನಾ. ಆದರೆ ನಾನು ಹೇಳಹೊರಟದ್ದು ಅವಳ ತಾಯಿಯ ವಿಷಯ. ಊದಿದ ಮೇಲೆ ಅವರು ಕಂಬ ಹಿಡಿದು ಒಂದಷ್ಟು ಹೊತ್ತು ನಿಂತೇ ಇದ್ದರು. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು, ಬಾಯಿ ತೆರೆದಿತ್ತು. ಇಂಥ ಅಳಿಯ ಸಿಕ್ಕನೆಂದು ಹೃದಯ ತುಂಬಿ ಬಂದಿದೆ ಎಂದು ನಾನು ತಿಳಿದುಕೊಂಡೆ. (ಆಗ ನನಗೆ ವಯಸ್ಸು ಕಡಿಮೆ.) ಅದು ಹೃದಯವಲ್ಲ, ಶ್ವಾಸಕೋಶ ಎಂದು ಗೊತ್ತಾಗಲು ಮದುವೆಯಾಗಿ ಆ ಮನೆಗೆ ಬಂದು ಸೇರಬೇಕಾಯಿತು.

ಬಂದು ಸೇರಿದ್ದು ನಾನೇ. ಕೆಲಸ ಸುರಪುರಕ್ಕೆ ಬಿತ್ತು, ಅತ್ತೆ ಒಬ್ಬರೇ ಇದ್ದರು, ಮಗಳೂ ಒಬ್ಬಳೇ. ಬೇರೆ ಮನೆ ಸಿಗುವ ತನಕ ಎಂದು ಒಂದು ಟ್ರಂಕು ತಂದಿಟ್ಟೆ. ಆ ಟ್ರಂಕಿನ ಮೇಲೆ ಈಗ ನಮ್ಮ ಟೀವಿ ಇದೆ.

ಅತ್ತೆ ಹರೆಯದಿಂದಲೂ ಖಾನಾವಳಿ ನಡೆಸಿದವರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿ, ಒಲೆಯ ಬಾಯಿಗೆ ಮುಖ ಕೊಟ್ಟು, ರಂಗಂಪೇಟೆಯ ಅರ್ಧ ಊರಿಗೆ ಜೋಳದ ರೊಟ್ಟಿ ಬಡಿದವರು. ಮೆಟ್ಟಿಲು ಹತ್ತಿದರೆ ದಮ್ಮು ಹತ್ತುವುದನ್ನು ಬಹಳ ದಿನ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಕೊನೆಗೆ ಅಂಜನಾ ಜಗಳವಾಡಿ ಯಾದಗಿರಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಕೊಳವೆಯೊಂದನ್ನು ಬಾಯಿಗೆ ಕೊಟ್ಟು, ಇದರೊಳಗೆ ಜೋರಾಗಿ ಊದಿ ಎಂದರು. ಅತ್ತೆ ಆಚೀಚೆ ನೋಡಿದರು.

"ಊದ್ತೀನಿ," ಅಂದರು. "ಕೂಸು ಎಲ್ಲದ?"

ಪರೀಕ್ಷೆಯ ಕೊನೆಗೆ ಡಾಕ್ಟರಮ್ಮ ಸಿಒಪಿಡಿ ಎಂದರು. ಶ್ವಾಸನಾಳಗಳು ಕಾಯಮ್ಮಾಗಿ ಕಿರಿದಾಗಿವೆ, ಹಿಂದಿನಂತೆ ಆಗುವುದಿಲ್ಲ, ಆದರೆ ಔಷಧಿಯ ಪಂಪು (ಇನ್ಹೇಲರ್) ಸೇದಿಕೊಂಡು ಜೋಪಾನವಾಗಿದ್ದರೆ ಚೆನ್ನಾಗಿ ಬದುಕಬಹುದು ಎಂದು ತಿಳಿಸಿದರು. ಇದು ಬೀಡಿ ಸೇದುವವರ ಬೇನೆಯಂತೆ ಎಂದು ಯಾರಿಂದಲೋ ಕೇಳಿದ್ದ ಅತ್ತೆ, ನಾನು ಬೀಡಿ ಕೈಯಲ್ಲಿ ಮುಟ್ಟಿದವಳಲ್ಲ ಎಂದು ಖಾರವಾಗಿಯೇ ಹೇಳಿದರು.

"ನೀವು ಸೇದಿಲ್ಲವ್ವಾ," ಎಂದರು ಡಾಕ್ಟರಮ್ಮ. "ಒಲಿ ನಿಮಗ ಸೇದಿಸ್ಯಾದ."

ಇಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹೋದ ವರ್ಷದ ಚಳಿಯಲ್ಲಿ ಅತ್ತೆಗೆ ಒಂದು ಸಣ್ಣ ನೆಗಡಿ ಬಂತು. ನಮಗೆ ನಿಮಗೆ ಬಂದರೆ ಕರವಸ್ತ್ರದಲ್ಲಿ ಮುಗಿಯುವ ನೆಗಡಿ. ಅವರಿಗೆ ಅದು ಎದೆಗಿಳಿದು ನ್ಯುಮೋನಿಯಾ ಆಯಿತು. ಮೂಗಿಗೆ ಆಮ್ಲಜನಕದ ನಳಿಗೆ, ಕೈಗೆ ಸೂಜಿ. ಅಂಜನಾ ತಾಯಿಯ ಪಾದ ಹಿಡಿದುಕೊಂಡು ಮಂಚದ ತುದಿಗೆ ಕೂತವಳು ಏಳಲೇ ಇಲ್ಲ. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ನೆಗಡಿ ಕೆಮ್ಮಿದ್ದವರ ಗಾಳಿ ತಾಗಬಾರದು, ಇನ್ನೊಮ್ಮೆ ಹೀಗಾದರೆ ಇವರು ನಡೆದುಕೊಂಡು ಮನೆಗೆ ಹೋಗುತ್ತಾರೆಂದು ನಾನು ಹೇಳಲಾರೆ ಎಂದರು. ಬಾಗಿಲಲ್ಲಿ ನಿಂತಿದ್ದ ಅಂಜನಾ ಅದನ್ನು ಕೇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ನನಗಷ್ಟೇ ಕೇಳುವ ಹಾಗೆ, "ಏನರ ಮಾಡ್ರಿ. ನನಗ ಅವ್ವ ಒಬ್ಬಾಕಿನೇ ಅದಾಳ," ಅಂದಳು.

ಏನಾದರೂ ಮಾಡುವುದು ನನ್ನ ಸ್ವಭಾವ. ಅದೂ ಅಲ್ಲದೆ ನಾನು ಸರ್ವೇಯರ್. ಅಕ್ಕಪಕ್ಕದ ಹೊಲದವರು ಬದುವಿಗಾಗಿ ಜಗಳ ಬಿದ್ದಾಗ ಟೇಪು ಹಿಡಿದುಕೊಂಡು ಹೋಗಿ, ಇಲ್ಲಿಗೆ ನಿನ್ನದು, ಇಲ್ಲಿಂದ ಅವನದು ಎಂದು ಅಳತೆ ಹಾಕಿ ಕಲ್ಲು ನೆಡಿಸುವುದು ನನ್ನ ಉದ್ಯೋಗ. ಇದಕ್ಕೆ ನಮ್ಮ ಕಚೇರಿಯಲ್ಲಿ ಹದ್ದುಬಸ್ತು ಎನ್ನುತ್ತಾರೆ. ಕೊಡಲಿ ಎತ್ತಿಕೊಂಡು ನಿಂತ ಅಣ್ಣತಮ್ಮಂದಿರ ನಡುವೆಯೇ ಹದ್ದು ಹಾಕಿದವನಿಗೆ, ನೆಗಡಿಗೂ ಅತ್ತೆಗೂ ನಡುವೆ ಒಂದು ಗೆರೆ ಎಳೆಯುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಮನೆಯ ನಾಲ್ಕೂ ದಿಕ್ಕಿಗೆ ಚಕ್ಕಬಂದಿ ಹಾಕಿದೆ. ನೀರು ಕಾಯಿಸುವ ಹಿತ್ತಲ ಒಲೆಗೆ ನಿವೃತ್ತಿ. ಊದಿನಕಡ್ಡಿ, ಲೋಬಾನಗಳಿಗೆ ಗಡಿಪಾರು. (ದೇವರಿಗೆ ಹೂ ಸಾಕು, ಅವನೇನು ಹೊಗೆ ಕುಡಿಯುತ್ತಾನೆಯೇ ಎಂದು ನಾನು ಕೇಳಿದ್ದಕ್ಕೆ ಅತ್ತೆ ನನ್ನ ಪರವಾಗಿ ದೇವರಲ್ಲಿ ಕ್ಷಮೆ ಕೇಳಿಕೊಂಡರು.) ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದು, ಅತ್ತೆ ಅಂಗಳಕ್ಕೆ ಬರಬೇಕು. ಹೊರಗಿನಿಂದ ಬಂದವರು ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಫ್ಲೂ ಲಸಿಕೆ ನಮ್ಮ ಮೂವರಿಗೂ, ನ್ಯುಮೋನಿಯಾದ ಲಸಿಕೆ ಅತ್ತೆಗೆ. ಪಂಪು ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ನೆಗಡಿ ಬಂದ ಬೀಗರು ಗುಣವಾದ ಮೇಲೆ ಬರಬೇಕು ಎಂದು ಫೋನು ಮಾಡಿ ತಿಳಿಸಿದೆ. ಇದರಿಂದ ಇಬ್ಬರು ಬೀಗರು ಮಾತು ಬಿಟ್ಟರು, ಅದನ್ನು ನಾನು ಲಾಭದ ಲೆಕ್ಕಕ್ಕೇ ಹಾಕಿದೆ.

ಎಲ್ಲ ಕಡೆ ಕಲ್ಲು ನೆಟ್ಟಾಯಿತು. ಪೂರ್ವಕ್ಕೆ, ಮನೆಯ ಮುಂದಿನ ಕಟ್ಟೆಯ ಕಡೆ ಮಾತ್ರ, ಯಾವ ಬೇಲಿಯೂ ನಿಲ್ಲಲಿಲ್ಲ.

ಏಕೆಂದರೆ ನಮ್ಮ ಅತ್ತೆ ಊದುವವರು. ರಂಗಂಪೇಟೆಯಲ್ಲಿ ಮಗು ರಚ್ಚೆ ಹಿಡಿದರೆ, ಹಾಲು ಕಕ್ಕಿದರೆ, ನಿದ್ದೆಯಲ್ಲಿ ಬೆಚ್ಚಿದರೆ, ಮೂಗು ಸೋರಿದರೆ, ಕೆಮ್ಮಿದರೆ, ದೀಪ ಹಚ್ಚುವ ಹೊತ್ತಿಗೆ ಅದನ್ನು ಎತ್ತಿಕೊಂಡು ಬಸ್ಸಮ್ಮನ ಕಟ್ಟೆಗೆ ಬರುತ್ತಾರೆ. ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಮೂಗು ಒರೆಸಿ, ಬಾಯಲ್ಲೇ ಮಂತ್ರ ಅಂದು, ಮುಖಕ್ಕೆ ಉಫ್ ಎಂದು ಊದುತ್ತಾರೆ. ಒಂದು ಪೈಸೆ ಮುಟ್ಟುವುದಿಲ್ಲ. ಎದೆ ಹಾರುತ್ತಿರುವ ಮಗುವನ್ನು ಕಂಡರೆ, ಇದು ನನ್ನ ಕೆಲಸವಲ್ಲ, ದವಾಖಾನೆಗೆ ಓಡು ಎಂದು ತಾವೇ ಅಟ್ಟುತ್ತಾರೆ.

ಇದರ ಅರ್ಥವನ್ನು ಓದುಗರು ಸ್ವಲ್ಪ ನಿಧಾನವಾಗಿ ಗ್ರಹಿಸಬೇಕು. ಯಾರಿಗೆ ನೆಗಡಿಯ ಗಾಳಿ ತಾಗಬಾರದೋ ಅವರ ಮನೆಗೇ ಊರಿನ ಸಮಸ್ತ ನೆಗಡಿಗಳೂ ತಾಯಂದಿರ ಸೊಂಟದ ಮೇಲೆ ಸವಾರಿ ಮಾಡಿಕೊಂಡು ಬರುತ್ತಿದ್ದವು. ಹಸಿರು ಸಿಂಬಳದವು, ಹಳದಿ ಸಿಂಬಳದವು, ಉಸಿರು ಬಿಟ್ಟರೆ ಮೂಗಿನಲ್ಲಿ ಗುಳ್ಳೆ ಮಾಡಿ ತೋರಿಸುವ ಕಲಾವಿದರು. ಯಾರ ಎದೆಯಲ್ಲಿ ಗಾಳಿಯೇ ಸಾಲದೋ ಅವರು ಊರಿಗೆಲ್ಲ ಗಾಳಿ ಹಂಚುತ್ತಿದ್ದರು.

ಊದುವುದನ್ನು ನಿಲ್ಲಿಸಬೇಕು ಎಂದು ನಾನು ವಿಧಿವತ್ತಾಗಿ ಅರಿಕೆ ಮಾಡಿದೆ. ಅತ್ತೆ ನಕ್ಕರು. ಸೂಕ್ಷ್ಮಾಣು, ಹನಿ, ಸೋಂಕು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿದರು, ಅದೇ ಅವರಲ್ಲಿರುವ ದೊಡ್ಡ ಗುಣ. ಕೇಳಿ ಮುಗಿಸಿ, ನಾ ಇಷ್ಟು ಕಾಲದಿಂದ ಊದುತ್ತಿದ್ದೇನೆ, ನೀವು ಮಾತ್ರ ಈಗ ಬಂದಿದ್ದೀರಿ ಎಂದರು. ಅಂಜನಾ ಅತ್ತು ನೋಡಿದಳು, ಮುನಿದು ನೋಡಿದಳು.

"ಅಲ್ಲವ್ವಾ, ನಿನ್ನ ಜೀವಕ್ಕಿಂತ ಆ ಪೋರಗೋಳ ಶೀತ ಹೆಚ್ಚೇನು?"

"ಕೂಸು ಎತಗೊಂಡು ಬಾಗಲಿಗಿ ಬಂದಾಕಿನ್ನ ಬರಿಗೈಲಿ ಹೆಂಗ ಕಳಸ್ಲಿ? ನಿನಗೊಂದು ಆಗಲಿ, ಆವಾಗ ತಿಳೀತದ."

ಈ ಮಾತು ನನ್ನ ಕಡೆಯೂ ಒಂದು ಕಲ್ಲು ಎಸೆದಂತಿತ್ತಾದ್ದರಿಂದ ನಾನು ಎದ್ದು ಟೇಪು ತಂದೆ.

ಕಟ್ಟೆಯ ಮೇಲೆ ಅತ್ತೆಯ ಚಾಪೆಯಿಂದ ಧಾರಾಳವಾಗಿ ಜಾಗ ಬಿಟ್ಟು ಸುಣ್ಣದ ಗೆರೆ ಹಾಕಿದೆ. ಗೆರೆಯಾಚೆ ತಾಯಿ ಮತ್ತು ಮಗು. ಈಚೆ ಮಾಸ್ಕ್ ಹಾಕಿಕೊಂಡ ಅತ್ತೆ. ಮಂತ್ರ ಅಲ್ಲಿಂದಲೇ, ಊದುವುದೂ ಅಲ್ಲಿಂದಲೇ. ಮೊದಲ ಸಂಜೆಯೇ ಗೆರೆಯ ಅಸ್ತಿತ್ವಕ್ಕೆ ಆಕ್ಷೇಪಣೆಗಳು ಬಂದವು. ಹಿಂದಿನ ಓಣಿಯ ಮೌನೇಶ್ವರಿ (ಇವಳ ಮಗನ ಮೂಗು ನಾನು ಕಂಡ ಹಾಗೆ ಮಳೆಗಾಲ ಬೇಸಿಗೆ ಎನ್ನದೆ ಹರಿಯುವ ಏಕೈಕ ಹಳ್ಳ) ಗಾಳಿ ಕೂಸಿಗೆ ಮುಟ್ಟಲೇ ಇಲ್ಲ ಎಂದಳು. ತಾಯಂದಿರು ಪಾದವನ್ನು ಗೆರೆಯ ಆಚೆಯೇ ಇಟ್ಟು, ಮಗುವನ್ನು ಮಾತ್ರ ಜೆಸಿಬಿ ಯಂತ್ರದ ಬಕೆಟ್ಟಿನಂತೆ ಈಚೆಗೆ ಚಾಚತೊಡಗಿದರು. ಅತ್ತೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಊದಿದರು. ವಾರದೊಳಗೆ ಗೆರೆ ಅಳಿಸಿಹೋಗಿ, ಅದರ ಮೇಲೆ ಕೂತು ಯಾರೋ ಚೌಕಾಬಾರ ಆಡುತ್ತಿದ್ದರು. ಇಷ್ಟು ನಿರಾತಂಕವಾದ ಒತ್ತುವರಿಯನ್ನು ನಾನು ಗೋಮಾಳದಲ್ಲಿಯೂ ಕಂಡಿಲ್ಲ.

ಆಗ ನನಗೆ ಪಂಖಾ ಹೊಳೆಯಿತು.

ನೀವೇ ವಿಚಾರ ಮಾಡಿ. ಅತ್ತೆಯ ಬೆನ್ನ ಹಿಂದೆ ಟೇಬಲ್ ಪಂಖಾ ಇಟ್ಟರೆ ಗಾಳಿ ಅತ್ತೆಯಿಂದ ಮಗುವಿನ ಕಡೆಗೆ ಹೋಗುತ್ತದೆ, ಮಗುವಿನಿಂದ ಅತ್ತೆಯ ಕಡೆಗೆ ಬರುವುದಿಲ್ಲ. ಕಟ್ಟೆ ಬಯಲಿನಲ್ಲಿದೆ. ಅತ್ತೆ ಮಾಸ್ಕಿನೊಳಗೇ ಮಂತ್ರ ಅಂದು ಸುಮ್ಮನೆ ಕೂತರೆ ಊದುವ ಶ್ರಮವನ್ನು ಪಂಖಾ ವಹಿಸಿಕೊಳ್ಳುತ್ತದೆ. ಬಿ.ಎಸ್ಸಿ. ಓದಿದ್ದಕ್ಕೆ ಇಂದು ಸಾರ್ಥಕವಾಯಿತು ಎಂದು ನನ್ನ ಬೆನ್ನನ್ನು ನಾನೇ, ಕೈ ಮುಟ್ಟಿದಷ್ಟು ಮೇಲಕ್ಕೆ, ತಟ್ಟಿಕೊಂಡೆ. ಆಶ್ಚರ್ಯವೆಂದರೆ ಅತ್ತೆ ಒಪ್ಪಿದರು. ಊದಿ ಊದಿ ಅವರಿಗೂ ದಣಿವಾಗಿತ್ತು. ಮಕ್ಕಳಂತೂ ಕೂದಲು ಹಾರುವ ಸಂಭ್ರಮಕ್ಕೆ ಅಳುವುದನ್ನೇ ಮರೆತವು. ಅಳು ನಿಂತಿತೆಂದರೆ ತಾಯಂದಿರ ಪಾಲಿಗೆ ಮಂತ್ರ ತಾಗಿತೆಂದೇ ಅರ್ಥ.

ಇಲ್ಲಿಗೆ ನಿಂತಿದ್ದರೆ ನಾನು ಇಂದು ಬೇರೆ ಮುಖ ಹೊತ್ತು ತಿರುಗುತ್ತಿದ್ದೆ. ನಿಲ್ಲಲಿಲ್ಲ. ಬಸ್ಸಮ್ಮನ ಮಂತ್ರ ಈಗ ಕರೆಂಟಿನ ಮೇಲೆ ನಡೆಯುತ್ತದೆ, ಎರಡು ಪಟ್ಟು ಜೋರು, ಎಂಬ ಸುದ್ದಿ ಹಬ್ಬಿತು. ಓಣಿಯ ಮಕ್ಕಳಷ್ಟೇ ಬರುತ್ತಿದ್ದ ಕಟ್ಟೆಗೆ ಸುರಪುರ ಪೇಟೆಯವರು ಬಂದರು. ಶಹಾಪುರದಿಂದ ಜೀಪು ಬಂತು. ಮುದನಾಳದಲ್ಲಿರುವ ಯಾರದೋ ನಾದಿನಿ ಅವಳಿ ಮಕ್ಕಳನ್ನು ಕಟ್ಟಿಕೊಂಡು ಬಂದಳು, ಎರಡಕ್ಕೂ ನಾಯಿಕೆಮ್ಮಿನಂಥ ಕೆಮ್ಮು. ಒಬ್ಬರು ಹಾಲು ಕೊಡದ ಎಮ್ಮೆಯನ್ನು ಹಿಡಿದುಕೊಂಡು ಬಂದು ಪಂಖಾದ ಮುಂದೆ ನಿಲ್ಲಿಸಿದರು. ನಾನು ಸರದಿ ನಿಲ್ಲಿಸುವುದು, ಕೈ ತೊಳೆಯಿರಿ ಎಂದು ಕೂಗುವುದು, ಎಮ್ಮೆಗೆ ದಾರಿ ಬಿಡಿಸುವುದು ಎಂದು ಓಡಾಡುತ್ತಿದ್ದೆ. ನನ್ನ ಮಾತನ್ನು ಕೇಳಿದ್ದು ಎಮ್ಮೆ ಮಾತ್ರ.

ಒಂದು ದಿನ ನನಗೆ ಸಗರದ ಕಡೆ ಅಳತೆಯ ಕೆಲಸ ಬಿತ್ತು. ಸಂಜೆ ಮನೆಗೆ ಬಂದರೆ ಕಟ್ಟೆ ಖಾಲಿ. ಸಮಾಧಾನದಿಂದ ಬಾಗಿಲು ತಳ್ಳಿದೆ. ಕರೆಂಟು ಹೋಗಿತ್ತು. ಹೊರಗೆ ಇಬ್ಬನಿ ಬೀಳುತ್ತದೆ, ಕೂಸುಗಳು ತಂಡಿಯಲ್ಲಿ ಕೂರುವುದು ಬೇಡ ಎಂದು ಅತ್ತೆ ಅಷ್ಟೂ ಮಂದಿಯನ್ನು ಪಡಸಾಲೆಯೊಳಗೆ ಕರೆದು, ಗಾಳಿ ಬಾರದ ಹಾಗೆ ಕಿಟಕಿಗಳನ್ನು ಮುಚ್ಚಿಸಿ, ನಡುವೆ ಕೂತಿದ್ದರು. ಪಂಖಾ ಇಲ್ಲದ್ದರಿಂದ ಬಾಯಿಂದಲೇ ಊದುತ್ತಿದ್ದರು. ಮಾಸ್ಕು ಒಂದು ಮಗುವಿನ ತಲೆಯ ಮೇಲಿತ್ತು. ಅಂಜನಾ ಬಂದವರಿಗೆಲ್ಲ ಚಹಾ ಕಾಯಿಸುತ್ತ ಅಡುಗೆಮನೆಯಲ್ಲಿ ಬೆವರುತ್ತಿದ್ದಳು. ಕೆಮ್ಮುಗಳು ಸೊಳ್ಳೆಪರದೆಯ ಕೋಲಿನಿಂದ ಹಿಡಿದು ತೊಲೆಯ ತನಕ ಎಲ್ಲವನ್ನೂ ನಡುಗಿಸುತ್ತಿದ್ದವು.

ಕೆಲವು ದಿನಗಳ ಮೇಲೆ, ಬೆಳಗಿನ ಚಹಾದ ಹೊತ್ತಿಗೆ, ಅತ್ತೆ ಒಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಉಸಿರು ಎಳೆದುಕೊಂಡರು. ಉಳಿದರ್ಧ ಹೇಳಲಿಲ್ಲ. ಕಫದ ಬಣ್ಣ ತಿರುಗಿತ್ತು. ಅಂಜನಾ ನನ್ನ ಮುಖ ನೋಡಲಿಲ್ಲ, ಚೀಲ ತುಂಬಿದಳು. ಯಾದಗಿರಿಗೆ ಹೋದೆವು.

ಬೇಗ ತಂದದ್ದು ಒಳ್ಳೆಯದಾಯಿತು, ಈ ಸಲ ಎದೆಗೆ ಪೂರ್ತಿ ಇಳಿದಿಲ್ಲ, ಲಸಿಕೆ ಹಾಕಿಸಿದ್ದೂ ಕೈ ಹಿಡಿದಿರಬಹುದು ಎಂದರು ಡಾಕ್ಟರಮ್ಮ. ಗುಳಿಗೆ ಕೊಟ್ಟರು, ಆವಿಯ ಯಂತ್ರದಲ್ಲಿ ಔಷಧಿ ಕೊಟ್ಟರು. ಅಷ್ಟಾದ ಮೇಲೆ ಕುರ್ಚಿಗೆ ಒರಗಿ, ಇಷ್ಟು ಮಂದಿ ಕೆಮ್ಮುವವರು ಇವರ ಎದುರಿಗೆ ಬಂದದ್ದು ಹೇಗೆ ಎಂದು ವಿಚಾರಿಸಿದರು. ಅಂಜನಾ ನನ್ನ ಕಡೆ ಕೈ ತೋರಿಸಿ, "ಇವ್ರು ಪಂಖಾ ತಂದಿಟ್ಟಾರ್ರಿ," ಅಂದಳು. ಹೆಚ್ಚಿನ ವಿವರಣೆ ಕೊಡಲು ನಾನು ಬಾಯಿ ತೆರೆದೆ. ಡಾಕ್ಟರಮ್ಮ ಬೇಡವೆಂದು ಕೈ ಎತ್ತಿದರು.

ಮನೆಗೆ ಬಂದ ಮೇಲೆ ಅಂಜನಾ ತಾಯಿಯ ಎದುರು ಕೂತಳು. ಕೂಗಲಿಲ್ಲ, ಅಳಲಿಲ್ಲ. ನೀನು ಹೋದರೆ ಈ ಮನೆಯಲ್ಲಿ ಯಾರನ್ನ ಅವ್ವಾ ಅಂತ ಕರೆಯಲಿ ಎಂದು ಕೇಳಿದಳು, ಅಷ್ಟೇ. ಅತ್ತೆ ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತ ಕೂತರು.

"ಬಿಡ್ತೀನಿ," ಅಂದರು ಕೊನೆಗೆ. "ಮಂತ್ರ ಒಬ್ಬರಿಗಿ ಕೊಟ್ಟ ಮ್ಯಾಲ ಕೊಟ್ಟವ್ರು ಊದಂಗಿಲ್ಲ. ಆದ್ರ ತಗೊಳ್ಳಾಕ ಒಬ್ಬರು ಬೇಕಲ."

ಅಂಜನಾ ತಕ್ಷಣ ನನಗೆ ಕೊಡು ಎಂದಳು. ಆಗುವುದಿಲ್ಲವಂತೆ. ಮಂತ್ರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹತ್ತುವುದಿಲ್ಲವಂತೆ. ಅತ್ತೆಗೆ ಅದು ಬಂದದ್ದು ಅವರ ಅತ್ತೆಯಿಂದ, ಆ ಅತ್ತೆಗೆ ಅವರ ಅತ್ತೆಯಿಂದ. ಹೊರಗಿನಿಂದ ಮದುವೆಯಾಗಿ ಈ ಹೊಸ್ತಿಲು ದಾಟಿ ಬಂದವರಿಗೇ ಅದು ಹೋಗಬೇಕು, ಎಂದರೆ ಸೊಸೆಗೆ. ಸೊಸೆ ಈ ಮನೆಯಲ್ಲಿಲ್ಲವಲ್ಲ ಎಂದು ನಾನು ಸಹಾನುಭೂತಿಯಿಂದ ನುಡಿದೆ. ತಾಯಿ ಮಗಳು ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಟೀವಿಯ ಕೆಳಗಿನ ಟ್ರಂಕು ಕೂಡ ನನ್ನನ್ನು ನೋಡಿದಂತಾಯಿತು.

"ಹೊಸ್ತಿಲಾ ದಾಟಿ ಬಂದವ್ರು ನೀವೇ ಅದೀರಲ್ರಿ ಅಳ್ಯಾರ," ಎಂದರು ಅತ್ತೆ.

ನಾನು ವಿಜ್ಞಾನದ ವಿದ್ಯಾರ್ಥಿ, ಸರ್ಕಾರಿ ನೌಕರ, ಮೀಸೆ ಇರುವವನು ಎಂದು ಮೂರು ಕಾರಣ ಕೊಟ್ಟೆ. ಮೀಸೆ ಊದುವುದಕ್ಕೆ ಅಡ್ಡ ಬರುವುದಿಲ್ಲ ಎಂದು ಅತ್ತೆ ಹೇಳಿದರು. ಅಂಜನಾ ನನ್ನನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಏನಾದರೂ ಮಾಡಿ ಅಂದಿದ್ದಳಲ್ಲ, ಅದೇ ನೋಟ. ನಾನು ಸೊಸೆಯಾಗಲು ಒಪ್ಪಿಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಅತ್ತೆಯ ಮುಂದೆ ಕೂತೆ. ಮಂತ್ರವನ್ನು ಕಿವಿಯಲ್ಲೇ ಹೇಳಬೇಕು. ಹೀಗಾಗಿ ಅತ್ತೆಯ ಮುಖದ ಹತ್ತಿರ ಯಾರೂ ಬರಬಾರದೆಂದು ನಾನೇ ಹಾಕಿದ್ದ ಹದ್ದನ್ನು ನಾನೇ ದಾಟಬೇಕಾಯಿತು. ಅಥರ್ವವೇದದ್ದೋ, ಯಾವುದೋ ಸಿದ್ಧರದ್ದೋ, ಉಚ್ಚಾರಣೆಗೆ ಕಠಿಣವಾದದ್ದೇನೋ ಇರುತ್ತದೆಂದು ನಾಲಿಗೆಯನ್ನು ಸಿದ್ಧ ಮಾಡಿಕೊಂಡಿದ್ದೆ. ಅತ್ತೆ ಹೇಳಿದ್ದು ಇಷ್ಟು. (ಹೊರಗೆ ಹೇಳಿದರೆ ಮಂತ್ರದ ಶಕ್ತಿ ಹೋಗುತ್ತದಂತೆ. ಅದಕ್ಕಾಗಿಯೇ ಅಚ್ಚು ಹಾಕಿಸುತ್ತಿದ್ದೇನೆ, ದಯವಿಟ್ಟು ನಾಲ್ಕು ಜನರಿಗೆ ಓದಿ ಹೇಳಿ.)

"ಕೂಸಿನ ನೆದರ, ಕೂಸಿನ ಅಂಜಿಕಿ, ಕೂಸಿನ ಕೆಮ್ಮು ನನ್ನ ಮ್ಯಾಲ ಬರಲಿ. ಕೂಸು ನಕ್ಕೋತ ಮನಿಗಿ ಹೋಗಲಿ."

ತಾನು ಮದುವೆಯಾಗಿ ಈ ಮನೆಗೆ ಬಂದಂದಿನಿಂದ, ಒಲೆಯ ಹೊಗೆ ತುಂಬಿದ ಎದೆಯಿಂದ, ಪ್ರತಿ ಸಂಜೆ ಈ ಹೆಂಗಸು ಊರ ಮಕ್ಕಳ ಕೆಮ್ಮನ್ನು ಹೆಸರು ಹಿಡಿದು ತನ್ನ ಮೇಲೆ ಕರೆಯುತ್ತಿದ್ದರು. ಅದೂ ಮಗುವಿನ ಬಾಯಿಗೆ ಬಾಯಿ ಹತ್ತಿರ ತಂದು. ಕೆಲಸ ಮಾಡುವ ಮಂತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ ಎಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಕಪ್ಪು ಗೆದ್ದವನು. ಇದೊಂದು ಕೆಲಸ ಮಾಡುತ್ತಿತ್ತು.

"ಅತ್ತೀ," ಅಂದೆ, "ಬ್ಯಾನಿ ನನ್ನ ಮ್ಯಾಲ ಬರಲಿ ಅಂತ ಬೇಡ್ತಿದ್ರೇನು ನೀವು?"

"ಮತ್ತ ಕೂಸಿನ ಮ್ಯಾಲ ಇರಲೇನು?" ಎಂದರು ಅವರು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಸಣ್ಣವು ತಡೆಯಂಗಿಲ್ಲ. ದೊಡ್ಡವ್ರು ತಡೀತೀವಿ. ಇಷ್ಟು ದಿನ ನಾ ತಡದೀನಿ, ಇನ್ನ ನೀವು ತಡೀರಿ."

ಸಣ್ಣ ತಿದ್ದುಪಡಿಗೆ ಅವಕಾಶವಿದೆಯೇ, ಉದಾಹರಣೆಗೆ ‘ನನ್ನ ಮೇಲೆ’ ಎನ್ನುವಲ್ಲಿ ‘ಬೇರೆ ಎಲ್ಲಾದರೂ’ ಎನ್ನಬಹುದೇ ಎಂದು ವಿಚಾರಿಸಿದೆ. ನಮ್ಮ ಕಚೇರಿಯಲ್ಲಿ ಅಂಥದ್ದೆಲ್ಲ ಆಗುತ್ತದೆ. ಇಲ್ಲಿ ಆಗಲಿಲ್ಲ.

ಅಂದು ಸಂಜೆ ನನ್ನ ಮುಂದೆ ಬಂದ ಮೊದಲ ಕಕ್ಷಿದಾರ ಮೌನೇಶ್ವರಿಯ ಮಗ. ತೊಡೆಯ ಮೇಲೆ ಕೂರಿಸಿಕೊಂಡೆ. ನನ್ನ ಮೀಸೆಯನ್ನು ಕುತೂಹಲದಿಂದ ನೋಡಿದ. ‘ಕೆಮ್ಮು ನನ್ನ ಮ್ಯಾಲ’ ಎನ್ನುವಷ್ಟರಲ್ಲಿ, ಇನ್ನೂ ‘ಬರಲಿ’ ಎಂದು ಕರೆದಿರಲೇ ಇಲ್ಲ, ಅವನು ನನ್ನ ತೆರೆದ ಬಾಯೊಳಗೆ ಸೀನಿದ.

ನಾಲ್ಕಾರು ದಿನದಲ್ಲಿ ಅವನ ಮೂಗು ಒಣಗಿತು. (ಯಾವ ಮಗುವಿನ ನೆಗಡಿಯಾದರೂ ಹಾಗೆಯೇ ಹೋಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿದೆ. ಹೇಳುವಾಗ ನನ್ನ ದನಿ ಮೂಗಿನಿಂದ ಬರುತ್ತಿತ್ತು, ಹಾಗಾಗಿ ಯಾರೂ ನಂಬಲಿಲ್ಲ.) ಅವನ ಹಳ್ಳ ಅಕ್ಷರಶಃ ನನ್ನ ಮುಖಕ್ಕೆ ಪಥ ಬದಲಿಸಿತ್ತು. ಬಸ್ಸಮ್ಮ ಊದಿದಾಗ ಕೆಮ್ಮು ಎಲ್ಲಿ ಹೋಯಿತೆಂದು ಯಾರಿಗೂ ಕಾಣುತ್ತಿರಲಿಲ್ಲ. ಸರ್ವೇಯರ್ ಊದಿದರೆ ಹೋದದ್ದು ಎಲ್ಲಿಗೆ ಎಂದು ಕಣ್ಣಾರೆ ಕಾಣುತ್ತದೆ ಎಂದು ಮೌನೇಶ್ವರಿ ಓಣಿಯಲ್ಲಿ ಸಾರಿದಳು. ತಾಯಂದಿರು ಮೊದಲು ನನ್ನ ಮೂಗು ನೋಡಿ, ಆಮೇಲೆ ಭಕ್ತಿಯಿಂದ ಮಗುವನ್ನು ಕೊಡತೊಡಗಿದರು.

ಮೂಗು ಸೋರುವ ಮನುಷ್ಯನನ್ನು ಆ ಮನೆಯೊಳಗೆ ಬಿಡಬಾರದೆಂದು ನಿಯಮ ಮಾಡಿದವನು ನಾನೇ. ಅಂಜನಾ ನನ್ನ ಟೇಪನ್ನೇ ತೆಗೆದುಕೊಂಡು ಬಂದು, ನನ್ನ ಕಣ್ಣೆದುರಿಗೇ ಅಳತೆ ಹಾಕಿ, ನನ್ನ ಚಾಪೆ, ತಟ್ಟೆ, ಲೋಟಗಳನ್ನು ಮಾಳಿಗೆಯ ಮೇಲಿನ ಕೋಣೆಗೆ ಸಾಗಿಸಿದಳು. ಜೋಳದ ಚೀಲ, ಹಳೆಯ ಟಯರು, ಅವುಗಳ ನಡುವೆ ನಾನು. ಊಟ ಮೆಟ್ಟಿಲ ಕೊನೆಯವರೆಗೆ ಬರುತ್ತದೆ. ಇಟ್ಟವರು ಇಳಿದ ಮೇಲೆ ನಾನು ಎತ್ತಿಕೊಳ್ಳಬೇಕು. ಮೇಲಿನಿಂದ ಒಂದು ಕೆಮ್ಮು ಕೇಳಿದರೆ ಸಾಕು, ಕೆಳಗಿನಿಂದ ಅತ್ತೆಯ ದನಿ ಬರುತ್ತದೆ.

"ಅಳ್ಯಾರ, ಮೊಣಕೈ ಅಡ್ಡ ಹಿಡದ್ರೇನು? ಕೈ ತೊಳಕೊಂಡ್ರೇನು? ಇಳೀಬ್ಯಾಡ್ರಿ ಮತ್ತ."

ಒಂದು ನೆಗಡಿ ಇಳಿಯುವ ಮೊದಲೇ ಇನ್ನೊಂದು ಕೂಸು ಬರುತ್ತಿತ್ತು. ಹೀಗೆ ಆ ಚಳಿಗಾಲ ಮುಗಿಯುವ ತನಕ ನಾನು ಮಾಳಿಗೆಯ ಹಕ್ಕುದಾರನಾದೆ. ಸುಳ್ಳೇಕೆ ಹೇಳಲಿ, ದುಃಖವೇನೂ ಆಗಲಿಲ್ಲ. ಕೆಳಗೆ ತಾಯಿ ಮಗಳು ಸೀರೆಯ ಬಣ್ಣಕ್ಕೆ, ಸಾರಿನ ಉಪ್ಪಿಗೆ ಜಗಳವಾಡುವುದು ಕೇಳುತ್ತಿತ್ತು. ಅತ್ತೆ ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಬಯ್ಯುತ್ತಿದ್ದರು. ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಮಾಳಿಗೆಯ ಮೇಲೆ ಮಲಗಿ ನಾನು ಅದನ್ನು ಸುಖವಾಗಿ ಕೇಳುತ್ತಿದ್ದೆ.

ಚಳಿ ಕಳೆದ ಮೇಲೆ ಮೂವರೂ ಯಾದಗಿರಿಗೆ ತಪಾಸಣೆಗೆ ಹೋದೆವು. ಡಾಕ್ಟರಮ್ಮ ಅತ್ತೆಯ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಕೊಳವೆಯಲ್ಲಿ ಊದಿಸಿ, ಹೋದ ಸಲಕ್ಕಿಂತ ಇಳಿದಿಲ್ಲ, ಬಹಳ ಸಂತೋಷ ಎಂದರು. ಆಮೇಲೆ ಚಳಿ ಮುಗಿಯುವ ತನಕ ಒಂದು ನೆಗಡಿಯೂ ಬಾರದ ಹಾಗೆ ನೋಡಿಕೊಂಡವರು ಯಾರು ಎಂದು ಕೇಳಿದರು. ಅಂಜನಾ ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದಳು. ವಿನಯದಿಂದ ಏನಾದರೂ ನುಡಿಯೋಣವೆಂದು ನಾನು ಬಾಯಿ ತೆರೆದೆ. ಮಾತಿಗೆ ಬದಲು ಕೆಮ್ಮು ಬಂತು, ಬಂದದ್ದು ನಿಲ್ಲಲಿಲ್ಲ. ಡಾಕ್ಟರಮ್ಮನ ನಗು ಹೋಯಿತು. ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, "ಅವ್ವಾ, ಈ ಮನುಷ್ಯಾನ ಹತ್ತರ ಮಾತ್ರ ನೀವು ಹೋಗಬ್ಯಾಡ್ರಿ," ಅಂದರು. ಕೊಳವೆಯ ತುದಿ ಬದಲಿಸಿ ನನ್ನ ಕೈಗೆ ಕೊಟ್ಟು, ಊದಿ ಎಂದರು.

ಅತ್ತೆ ಈಗ ಊದುವುದಿಲ್ಲ. ಬೆಳಿಗ್ಗೆ ಪಂಪು ಸೇದಿ, ಬಾಯಿ ಮುಕ್ಕಳಿಸಿ, ಓಣಿಯ ತುದಿಯವರೆಗೆ ನಿಧಾನವಾಗಿ ನಡೆದು ಬರುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮಾಸ್ಕ್ ಹಾಕಿಕೊಂಡು ಒಳಗೆ ಕಿಟಕಿಯ ಹತ್ತಿರ ಕೂತು, ಬಂದವರಿಗೆಲ್ಲ ಅಲ್ಲಿಂದಲೇ ಸಾಬೂನು ಹಚ್ಚಿ ಕೈ ತೊಳೆಯಲು ಹೇಳುತ್ತಾರೆ, ಅವರು ತೊಳೆಯುತ್ತಾರೆ. ಎದೆ ಹಾರುವ ಮಕ್ಕಳನ್ನು ದವಾಖಾನೆಗೆ ಕಳಿಸುತ್ತಾರೆ. ಉಳಿದವರನ್ನು ನನ್ನ ಹತ್ತಿರ ಕಳಿಸುತ್ತಾರೆ.